ಹೊಲದ ಜೊತೆ ನೆಲದಡಿಯ ನಕ್ಷೆಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಮೂರು ವರ್ಷದ ಹಿಂದೆ ನಾನೂ ನನ್ನ ಗಂಡನೂ ನಾಲ್ಕು ಎಕರೆ ಹೊಲ ಕೊಂಡೆವು. ಕಾಗದಪತ್ರ ಎರಡೆರಡು ಸಲ ನೋಡಿಸಿದೆವು. ಗಡಿ ಅಳೆಸಿದೆವು, ಬಾವಿಯ ನೀರು ಪರೀಕ್ಷೆ ಮಾಡಿಸಿದೆವು. ಮೂರು ಅಡಿ ಆಳದಲ್ಲಿ ಏನಿದೆ ಅಂತ ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ಪೈಪ್‌ಲೈನ್‌ಗೆಂದು ಜೆಸಿಬಿಯಲ್ಲಿ ತೋಡಿಸುವಾಗ ಸುಟ್ಟ ಮಣ್ಣಿನ ಕೊಳವೆಗಳು ಸಿಕ್ಕವು. ಒಂದೊಂದೂ ಸುಮಾರು ಒಂದು ಅಡಿ ಉದ್ದ. ಒಂದರ ತುದಿಗೆ ಇನ್ನೊಂದನ್ನು ಸಾಲಾಗಿ ಇಟ್ಟಿದ್ದರು, ನಡುವೆ ಸಿಮೆಂಟೂ ಇರಲಿಲ್ಲ. ಯಾವುದೋ ಹಳೇ ಕಾಲದ್ದು ಎಂದುಕೊಂಡು ಹತ್ತು ಹನ್ನೆರಡು ಕಿತ್ತು ಬದುವಿನ ಮೇಲೆ ಹಾಕಿ, ಗುಂಡಿ ಮುಚ್ಚಿಸಿದೆವು. ಅವು ಹೊಲದ ಹೆಚ್ಚಿನ ನೀರನ್ನು ಬಸಿದು ಹೊರಗೆ ಸಾಗಿಸುವ ಕೊಳವೆಗಳು, ಆ ಸಂದುಗಳಿಂದಲೇ ನೀರು ಒಳಗೆ ಇಳಿಯುವುದು ಅಂತ ನಮಗೇನು ಗೊತ್ತು?

ಮಳೆ ಹಿಡಿಯಿತು. ತೋಡಿದ ಜಾಗದಿಂದ ಮೇಲಕ್ಕೆ ಅರ್ಧ ಎಕರೆ ಹದಿನೈದು ದಿನವಾದರೂ ಆರಲಿಲ್ಲ. ಬೇರಿಗೆ ಗಾಳಿ ಸಿಗದೆ ಪೈರು ಹಳದಿಯಾಗಿ ಕೊಳೆಯಿತು. ಅದಕ್ಕಿಂತ ಜಾಸ್ತಿ ಸಂಕಟವಾಗಿದ್ದು ಮೇಲಿನ ಹೊಲದ ಅಜ್ಜ ಬಂದು ನಿಂತಾಗ. ಅವರ ಹೊಲದ ನೀರೂ ನಮ್ಮ ಕೊಳವೆಯಲ್ಲೇ ಹರಿದು ಹಳ್ಳ ಸೇರುತ್ತಿತ್ತು. ಅವರ ಬೆಳೆಯನ್ನೂ ನಾವೇ ಮುಳುಗಿಸಿದ್ದೆವು.

ಮಾರಿದವರಿಗೆ ಫೋನ್ ಮಾಡಿದೆ. "ನೀವು ಕೇಳಲೇ ಇಲ್ಲವಲ್ಲ" ಎಂದರು. ಇದೆ ಅಂತಲೇ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ? ಅವರು ಮೋಸ ಮಾಡಬೇಕೆಂದು ಮುಚ್ಚಿಟ್ಟರು ಎಂದು ನಾನು ಹೇಳುವುದಿಲ್ಲ. ಜಮೀನಿನಲ್ಲಿ ಕುಂದು ಇದ್ದರೆ ಹೇಳಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಕೊಳವೆ ಕುಂದಲ್ಲ, ಅಲ್ವಾ? ಅದಕ್ಕೇ ಅದು ಮಾತಿನಲ್ಲಿ ಬರುವುದೇ ಇಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈತ ಜಾನ್ ಜಾನ್‌ಸ್ಟನ್ ತಮ್ಮ ಹೊಲದಲ್ಲಿ ಇಂಥ ಕೊಳವೆ ಹೂಳಲು ಶುರು ಮಾಡಿದ್ದು 1838ರಲ್ಲಿ. ಸರಿಯಾಗಿ ಹೂತ ಮಣ್ಣಿನ ಕೊಳವೆ ನೂರು ವರ್ಷವೂ ನೀರು ಬಸಿಯಬಲ್ಲದು. ಹೂತವರು ಅಷ್ಟು ಕಾಲ ಇರುವುದಿಲ್ಲ. ಅವರು ಬರೆದಿಡದಿದ್ದರೆ ಮುಂದಿನವರಿಗೆ ಅದು ಸಿಗುವುದು ಜೆಸಿಬಿಯ ಹಲ್ಲಿಗೆ.

ಆಮೇಲೆ ಆ ಅಜ್ಜನೇ ನಮಗೆ ದಾರಿ ತೋರಿಸಿದರು. ಮುರಿದ ಕಡೆ ಹೊಸ ಕೊಳವೆ ಕೂರಿಸಿದ ಮೇಲೆ, ಒಂದು ದೊಡ್ಡ ಮಳೆಯ ಮಾರನೇ ದಿನ ಹೊಲಕ್ಕೆ ಕರೆದುಕೊಂಡು ಹೋದರು. ಕೊಳವೆಯ ಮೇಲಿನ ಮಣ್ಣು ಬೇಗ ಆರಿ, ಗೆರೆ ಎಳೆದ ಹಾಗೆ ತಿಳಿ ಬಣ್ಣದ ಪಟ್ಟಿಗಳು ಕಾಣುತ್ತಿದ್ದವು. ಗೂಟ ಹೊಡೆದು, ಟೇಪ್ ಹಿಡಿದು ಅಳೆದೆವು. ಹಳ್ಳದ ಅಂಚಿನಲ್ಲಿ ಹುಲ್ಲು ಸರಿಸಿದಾಗ ಕೊಳವೆಯ ಬಾಯಿಯೂ ಸಿಕ್ಕಿತು. ಅರ್ಧ ಬಾಯಿಗೆ ಹೂಳು ತುಂಬಿತ್ತು.

ಹೊಲ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಹಾಳೆಯಲ್ಲಿ ಕೈನಕ್ಷೆ ಬರೆಯಿರಿ. ಕೊಳವೆ ಎಲ್ಲಿಂದ ಎಲ್ಲಿಗೆ, ಎಷ್ಟು ಆಳ, ಬಾಯಿ ಎಲ್ಲಿ, ಯಾರ ನೀರು ಸೇರುತ್ತದೆ. ಮನೆಯಿದ್ದರೆ ಸೆಪ್ಟಿಕ್ ಟ್ಯಾಂಕ್ ಮತ್ತು ಅದರ ನೀರು ಇಂಗುವ ಜಾಗವನ್ನೂ ಗುರುತಿಸಿ. ಗೊತ್ತಿಲ್ಲದೆ ಅದರ ಮೇಲೆ ಟ್ರ್ಯಾಕ್ಟರ್ ಓಡಿಸುವವರು, ಪಕ್ಕದಲ್ಲೇ ಬಾವಿ ತೋಡುವವರು ಇದ್ದಾರೆ. ಪೂರ್ತಿ ನೆನಪಿಲ್ಲದಿದ್ದರೆ "ಈ ಕಡೆ ಎಲ್ಲೋ ಇದೆ" ಎಂದಾದರೂ ಬರೆಯಿರಿ. ಕ್ರಯಪತ್ರ ಬರೆಯುವವರೂ ಇದೊಂದು ಪ್ರಶ್ನೆ ಕೇಳಿ, ಆ ಹಾಳೆಯನ್ನು ಪತ್ರಕ್ಕೆ ಲಗತ್ತಿಸಲಿ.

ನಮ್ಮ ನಕ್ಷೆ ಈಗ ಜಮೀನಿನ ಕಾಗದಗಳ ಜೊತೆಗಿದೆ. ಇನ್ನೊಂದು ಪ್ರತಿ ಅಜ್ಜನ ಮನೆಯಲ್ಲಿದೆ.

ಇತಿ,
ಒಬ್ಬ ರೈತ ಮಹಿಳೆ