ನಾವು ಕೊಟ್ಟ ಆರ್ಟ್‌ವರ್ಕ್ ಕೇಳದೆ ಬದಲಿಸಿ ಸ್ಟ್ಯಾಂಡಿ ಪ್ರಿಂಟ್ ಮಾಡಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಡಿಜಿಟಲ್ ಪ್ರಿಂಟಿಂಗ್ ವಿಭಾಗ

ಮಾನ್ಯರೇ,

ಧಾರವಾಡದ ಕೃಷಿ ಮೇಳದಲ್ಲಿ ನಮ್ಮ ಮಹಿಳಾ ಸಂಘದ ಮಳಿಗೆಗೆಂದು ನಿಮ್ಮಲ್ಲಿ 3x6 ಅಡಿಯ ಎರಡು ರೋಲಪ್ ಸ್ಟ್ಯಾಂಡಿ (ಬುಡದ ಪೆಟ್ಟಿಗೆಯಿಂದ ಮೇಲಕ್ಕೆಳೆದು ನಿಲ್ಲಿಸುವ ಬ್ಯಾನರ್) ಮಾಡಿಸಿದ್ದೆವು. ಎರಡನ್ನೂ ಜನರ ಮುಂದೆ ನಿಲ್ಲಿಸುವ ಹಾಗಿಲ್ಲ.

ನಾವು ಕೊಟ್ಟದ್ದು ಪ್ರಿಂಟ್‌ಗೆ ರೆಡಿ ಇದ್ದ ಪಿಡಿಎಫ್. ಅಳತೆ ಸರಿ ಇತ್ತು, ಬಣ್ಣ ಪ್ರಿಂಟಿಗೆ ಬಳಸುವ ಸಿಎಂವೈಕೆಯಲ್ಲಿತ್ತು. ಕನ್ನಡ ಅಕ್ಷರಗಳನ್ನೆಲ್ಲ ಕರ್ವ್ಸ್, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಮಾಡಿಸಿದ್ದೆವು. ಹಾಗೆ ಮಾಡಿದರೆ ನಿಮ್ಮಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಅಲುಗುವುದಿಲ್ಲ, ಅಲ್ವಾ? ಆದರೆ ಹೆಡ್ಡಿಂಗ್ ಎದ್ದು ಕಾಣಲಿ ಅಂತ ನಿಮ್ಮ ಡಿಟಿಪಿಯವರು ಅದನ್ನು ಅಳಿಸಿದ್ದಾರೆ. ನಮ್ಮ ವಾಟ್ಸಾಪ್ ಮೆಸೇಜಿನಿಂದ ಯೂನಿಕೋಡ್ (ಮೊಬೈಲಿನಲ್ಲಿ ಟೈಪ್ ಮಾಡುವ) ಅಕ್ಷರ ಕಾಪಿ ಮಾಡಿ, ಅದರ ಒತ್ತಕ್ಷರ ಜೋಡಿಸಲು ಬಾರದ ಹಳೆಯ ಸಾಫ್ಟ್‌ವೇರಿನಲ್ಲಿ ಪೇಸ್ಟ್ ಮಾಡಿದ್ದಾರೆ. ಕೌಂಟರಿನಲ್ಲಿ ವಿಚಾರಿಸಿದಾಗ ಅವರೇ ಹೇಳಿದ ಮಾತಿದು. "ಸಜ್ಜೆ ರೊಟ್ಟಿ" ಈಗ "ಸಜ್‌ಜೆ ರೊಟ್‌ಟಿ" ಆಗಿದೆ. ಅದೂ ಎಲ್ಲಕ್ಕಿಂತ ಮೇಲೆ, ಗೇಣುದ್ದದ ಅಕ್ಷರದಲ್ಲಿ.

ಫೋಟೋದ ಕಥೆಯೂ ಅಷ್ಟೇ. ಪಿಡಿಎಫ್‌ನಲ್ಲಿದ್ದ ದೊಡ್ಡ ಫೋಟೋ ತೆಗೆದು ವಾಟ್ಸಾಪ್‌ನದ್ದನ್ನು ಹಾಕಿದ್ದೀರಿ. 3 ಅಡಿ ಅಗಲಕ್ಕೆ ಇಂಚಿಗೆ 100 ಪಿಕ್ಸೆಲ್ ಅಂತ ಹಿಡಿದರೂ 3600 ಪಿಕ್ಸೆಲ್ ಬೇಕು. ವಾಟ್ಸಾಪ್ ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ರೊಟ್ಟಿಯ ಅಂಚು ಚೌಕ ಚೌಕವಾಗಿ ಒಡೆದು ಕಾಣುತ್ತಿದೆ.

ಇನ್ನು, ಸ್ಟ್ಯಾಂಡಿಯ ಬುಡದ ಪೆಟ್ಟಿಗೆಯೊಳಗೆ ಹೋಗುವ ಭಾಗವನ್ನು ನಾವು ಬೇಕೆಂದೇ ಖಾಲಿ ಬಿಟ್ಟಿದ್ದೆವು. ನೀವು ಡಿಸೈನ್ ಎಳೆದು ಅದನ್ನೂ ತುಂಬಿಸಿದಿರಿ. ಈಗ ಫೋನ್ ನಂಬರ್ ಪೆಟ್ಟಿಗೆಯೊಳಗೆ ಕೂತಿದೆ. ಆರ್ಡರ್ ಕೊಡಲು ಬಂದವರು ನಂಬರ್ ಎಲ್ಲಿ ಅಂತ ಕೇಳುತ್ತಿದ್ದರು. ಕೊನೆಗೆ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಮೇಜಿಗೆ ಅಂಟಿಸಿದೆವು. ವರ್ಷವಿಡೀ ದುಡಿದ ಹೆಣ್ಣುಮಕ್ಕಳಿಗೆ ಹೊಸ ಗಿರಾಕಿ ಸಿಗುವ ಜಾಗ ಅದು. ಅಲ್ಲಿ ಹೀಗಾದದ್ದು ನಮಗೆ ತುಂಬಾ ನೋವು ತಂದಿದೆ.

ಫೈಲಿನಲ್ಲಿ ಏನಾದರೂ ತೊಂದರೆ ಇದ್ದಿದ್ದರೆ ಒಂದು ಫೋನ್ ಮಾಡಬಹುದಿತ್ತು. ಪ್ರಿಂಟಿಗೆ ಮೊದಲು ಪ್ರೂಫ್ (ಒಪ್ಪಿಗೆಗೆ ತೋರಿಸುವ ಮಾದರಿ) ಕಳಿಸಿ ಅಂತ ಆರ್ಡರ್ ಫಾರಂನಲ್ಲೇ ಬರೆದಿದ್ದೆವು. ಪ್ರೂಫ್ ಬರಲೇ ಇಲ್ಲ. ಬಿಲ್ಲಿನಲ್ಲಿ ಮಾತ್ರ "ಡಿಸೈನ್ ಚಾರ್ಜ್" ಅಂತ ಹಣ ಹಿಡಿದಿದ್ದೀರಿ.

ಎರಡೂ ಸ್ಟ್ಯಾಂಡಿಗಳನ್ನು ನಮ್ಮ ಮೂಲ ಪಿಡಿಎಫ್‌ನಿಂದಲೇ, ಪ್ರೂಫ್ ತೋರಿಸಿ, ಹಣ ಪಡೆಯದೆ ಮತ್ತೆ ಪ್ರಿಂಟ್ ಮಾಡಿಕೊಡಿ. ಡಿಸೈನ್ ಚಾರ್ಜ್ ವಾಪಸ್ ಕೊಡಿ. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ಬಿಲ್, ಮೂಲ ಪಿಡಿಎಫ್ ಮತ್ತು ಸ್ಟ್ಯಾಂಡಿಗಳ ಫೋಟೋ ಜೊತೆಗಿಟ್ಟಿದ್ದೇವೆ.

ಇಂತಿ,
ಸಂಘದ ಸದಸ್ಯೆಯರ ಪರವಾಗಿ,
ಕಾರ್ಯದರ್ಶಿ