ಅರ್ಜಿ ಕಳಿಸುವ ಮುನ್ನ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಜೆಂಡರ್ ಕೈದಿಗಳನ್ನು ಜೈಲಿನಲ್ಲಿ ಎಲ್ಲಿ ಇರಿಸುತ್ತಾರೆ ಎಂಬ ದಾಖಲೆ ಕೇಳುವ ಅರ್ಜಿಯ ಬಗ್ಗೆ ಈ ಸೂಚನೆ.

ದಯವಿಟ್ಟು ಯಾರ ಹೆಸರನ್ನೂ ಕೇಳಬೇಡಿ. ಖಾಸಗಿ ಮಾಹಿತಿ ಅಂತ ಅರ್ಜಿ ತಿರಸ್ಕರಿಸಲು ಅದೊಂದೇ ಸಾಕು. ಅದಕ್ಕಿಂತ ಮುಖ್ಯವಾಗಿ, ಒಳಗಿರುವವರಿಗೆ ತೊಂದರೆ ಆಗಬಹುದು. ಒಂದು ಜೈಲಿನಲ್ಲಿ ಇಬ್ಬರೇ ಇದ್ದರೆ ಬರೀ ಸಂಖ್ಯೆಯಿಂದಲೂ ಗುರುತು ಸಿಕ್ಕಿಬಿಡುತ್ತದೆ, ಅಲ್ವಾ? ಹಾಗಾಗಿ ಎಲ್ಲ ಜೈಲುಗಳ ಒಟ್ಟು ಲೆಕ್ಕ ಕೇಳೋಣ.

'ಯಾಕೆ ಹೀಗೆ ಮಾಡುತ್ತೀರಿ' ಅಂತ ಸುಮ್ನೆ ಪ್ರಶ್ನೆ ಹಾಕಿದರೆ ಉತ್ತರ ಬರುವುದು ಕಷ್ಟ. ಕಾಗದ ಕೇಳಿ: ಜಾಗ ನಿರ್ಧರಿಸುವ ಲಿಖಿತ ನಿಯಮ, ಸುತ್ತೋಲೆ, ಸಿಬ್ಬಂದಿ ತರಬೇತಿಯ ಪಠ್ಯ, ಬೇರೆ ವಿಭಾಗಕ್ಕೆ ಹೋಗಲು ಎಷ್ಟು ಜನ ಕೋರಿದರು, ಎಷ್ಟು ಮಂದಿಗೆ ಸಿಕ್ಕಿತು. ವರ್ಷಗಳನ್ನೂ ಸ್ಪಷ್ಟವಾಗಿ ಬರೆಯಿರಿ.

'ರಕ್ಷಣೆಗಾಗಿ' ಒಂಟಿಯಾಗಿ ಇರಿಸಿದ ದಿನಗಳ ಲೆಕ್ಕವನ್ನು ಮರೆಯಬೇಡಿ. ನನ್ನ ಪ್ರಕಾರ ಇದೇ ಜಾಸ್ತಿ ಮುಖ್ಯ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಸತತ 15 ದಿನ ಮೀರಿದ ಒಂಟಿ ಸೆರೆಯನ್ನು ನಿಷೇಧಿಸುತ್ತವೆ. ಕೈದಿಯ ಗುರುತು ದಾಖಲಿಸುವಾಗ ಅವರೇ ಹೇಳಿಕೊಳ್ಳುವ ಲಿಂಗತ್ವವನ್ನು ಗೌರವಿಸಬೇಕು ಅಂತಲೂ 7ನೇ ನಿಯಮ ಹೇಳುತ್ತದೆ. ಇದನ್ನು ಅರ್ಜಿಯಲ್ಲಿ ಒಂದು ಸಾಲು ಸೇರಿಸಿದರೆ ಒಳ್ಳೆಯದು, ಭಾಷಣ ಬೇಡ.

ಉತ್ತರ ಬಂದರೆ ನೇರವಾಗಿ ಗುಂಪಿಗೆ ಹಾಕಬೇಡಿ. ಹೆಸರು, ಕೈದಿ ಸಂಖ್ಯೆ ಎಲ್ಲಾದರೂ ಉಳಿದಿದೆಯಾ ನೋಡಿ, ಅಳಿಸಿ, ಆಮೇಲೆ ಹಂಚಿ.