ಮೂರು ಗ್ರಾಂ ಸಂಬಂಧ ಗಿರ್ಮಿಟ್ ಸೋತ ಕಥಿ

ಲೇ ದೋಸ್ತ,

ಪುಣೆ ರೋಬೋಟ್ ಕುಸ್ತಿಯೊಳಗ ನನ್ನ ರೋಬೋಟ್ ಸೋತ ಸುದ್ದಿ ಫೋನಿನಾಗ ಪೂರ್ತಿ ಹೇಳಾಕ ಆಗ್ಲಿಲ್ಲ, ಅದಕ್ಕ ಬರ್ಯಾಕತ್ತೀನಿ. ಮೊದ್ಲ ಹೇಳಿಬಿಡ್ತೀನಿ, ನೀ ಹುಬ್ಬಳ್ಳಿ ಗೋಕುಲ ರೋಡಿನ ಶೆಡ್ಡಿನಾಗ ಲೇಥಿಗೆ ಹಾಕಿ ಕಳಿಸಿದ್ದ ಡಿಸ್ಕಿಗೆ, ಅದ ನಮ್ಮ ತಿರುಗೋ ಹತಾರಕ್ಕ, ಏನೂ ಆಗಿಲ್ಲ, ಅಂಚಿಗೆ ಸಣ್ಣ ಗೀರು ಅಷ್ಟ. ಸೋತಿದ್ದು ನನ್ನ ತಪ್ಪಿಂದ.

ನಾವು ಯೂಟ್ಯೂಬಿನಾಗ ನೋಡ್ತಿದ್ವಲ್ಲ ಬ್ಯಾಟಲ್‌ಬಾಟ್ಸ್ ಅನ್ನೋ ರೋಬೋಟ್ ಕಾಳಗದ ಶೋ, ಅದರಾಗಿನ ರೋಬೋಟು 250 ಪೌಂಡ್, ಅಂದ್ರ 113 ಕೆಜಿ ತನಕ ಇರ್ತಾವು. ನಮ್ದು 150 ಗ್ರಾಂ ಕ್ಲಾಸು, ದೊಡ್ಡ ಸೋಪಿನಷ್ಟ ತೂಕ, ಅಷ್ಟರಾಗ ಗಾಲಿಗೆ ಎರಡು ಎನ್20 ಅನ್ನೋ ಸಣ್ಣ ಮೋಟರು, ಡಿಸ್ಕಿಗೊಂದು ಬ್ರಷ್‌ಲೆಸ್ ಮೋಟರು, ರಿಮೋಟಿನ ರಿಸೀವರು, 2ಎಸ್ ಅಂದ್ರ ಎರಡು ಸೆಲ್ಲಿನ ಲಿಪೋ ಬ್ಯಾಟರಿ ಎಲ್ಲಾ ತುರುಕಬೇಕು. ಸ್ಕ್ರೂ ಸಂಬಂಧ ಇಲ್ಲಿ ಪುಣೆಯ ಬುಧವಾರ ಪೇಟ್ಯಾಗ ಮೂರು ಶನಿವಾರ ಅಡ್ಡಾಡೀನಿ, ಮನ್ಯಾಗ ಬೈಸ್ಕೊಂಡಿದ್ದು ಬ್ಯಾರೆ.

ಹೆಸರು ಗಿರ್ಮಿಟ್ ಅಂತ ಬರಸಿದ್ದೆ. ನಾ ನಮ್ಮ ಚುರುಮರಿ ಗಿರ್ಮಿಟ್ ಅಂತ ಇಟ್ಟಿದ್ದು, ಪುಣೆ ಮಂದಿಗೆ ಅದು ಬಡಿಗ್ಯಾರ ತೂತು ಕೊರಿಯೋ ಗಿರ್ಮಿಟ್ ಆತು. ಇರ್ಲಿ, ಎರಡೂ ಖಾರನ.

ಕುಸ್ತಿ ದಿನ ಅಲ್ಲಿ ತೂಕಕ್ಕಿಟ್ರ 153 ಗ್ರಾಂ! ಮನ್ಯಾಗ 149 ಇತ್ತು, ಆಮ್ಯಾಲ ಹಾಕಿದ ಗ್ಲೂ, ಸೋಲ್ಡರ್ ಲೆಕ್ಕನ ಹಿಡದಿದ್ದಿಲ್ಲ. ಹಿಂದ ಲೈನ್ ನಿಂತೈತಿ, ಅವಸರದಾಗ ಬ್ಯಾಟರಿ ಬೆಲ್ಟು, ಅದರ ಕೆಳಗಿನ ಫೋಮ್ ಕಿತ್ತು ಒಗದೆ, ಒಂದ್ ಚೂರು ಟೇಪ್ ಹಚ್ಚಿದೆ. 150 ಕರೆಕ್ಟ್. ಭಾರಿ ಶಾಣ್ಯಾ ಅನಸ್ಕೊಂಡೆ. ರಿಮೋಟ್ ಆಫ್ ಮಾಡಿದ್ರ ರೋಬೋಟ್ ನಿಲ್ಲತೈತೋ ಇಲ್ಲೋ ಅಂತ ಚೆಕ್ ಮಾಡಿದ್ರು, ಅದೂ ಪಾಸು.

ಎದುರಿಗೆ ಆರನೇತ್ತೆದಾಗ ಓದೋ ಒಂದು ಹುಡುಗಿ. ಅಕಿ ರೋಬೋಟು ಬರೇ ವೆಡ್ಜ್, ಅಂದ್ರ ಮುಂದ ಇಳಿಜಾರು ಹಲಗಿ, ಹತಾರ ಇಲ್ಲ ಏನಿಲ್ಲ. ಟಿಪಿಯು ಅನ್ನೋ ರಬ್ಬರಿನಂಥಾ ಪ್ಲಾಸ್ಟಿಕಿನಾಗ ತ್ರೀಡಿ ಪ್ರಿಂಟ್ ಮಾಡಿದ್ದು, ಹೊಡದ್ರ ಬಾಗತೈತಿ, ಒಡಿಯಂಗಿಲ್ಲ. ಮೊದಲ ಏಟಿಗೆ ಎತ್ತಿ ಒಗದೆ ನೋಡು, ಪಾಲಿಕಾರ್ಬೊನೇಟ್ ಗ್ವಾಡಿಗೆ ಢಬ್ ಅಂತ ಬಡೀತು, ಮಂದಿ ಗಿರ್ಮಿಟ್ ಗಿರ್ಮಿಟ್ ಅಂತ ಒದರಾಕ ಹತ್ತಿದ್ರು, ನನಗೂ ಸೊಕ್ಕು ಬಂತು, ಡಿಸ್ಕ್ ಫುಲ್ ಸ್ಪೀಡಿನಾಗ ಇರೋವಾಗನ ಗಪ್ಪನ ಹೊಳ್ಳಿಸಿದೆ. ತಿರುಗೋ ಡಿಸ್ಕಿಗೆ ಬಗರಿ ಗುಣ, ಗಪ್ಪನ ಹೊಳ್ಳಿಸಿದ್ರ ವಾಲತೈತಿ, ಒಂದು ಗಾಲಿ ಮ್ಯಾಲೆದ್ದಬಿಡ್ತು. ಆ ಹುಡುಗಿ ಅದನ್ನ ಕಾಯಾಕತ್ತಿತ್ತೇನೋ, ಎದ್ದ ಗಾಲಿ ಕೆಳಗ ಸರಕ್ಕನ ನುಗ್ಗಿಸಿ ಗ್ವಾಡಿ ತನಕ ದಬ್ಬಿದ್ಲು.

ಡಿಸ್ಕ್ ಸುಂಯ್ ಅಂತ ತಣ್ಣಗಾತು. ಜಾಯ್‌ಸ್ಟಿಕ್ ಎಷ್ಟ ತಿಕ್ಕಿದ್ರೂ ಮಿಸುಕವಲ್ದು. ಏಕ್, ದೋನ್, ತೀನ್ ಅಂತ ರೆಫರಿ ಹತ್ತರ ತನಕ ಎಣಸಿದ್ರು, ಮುಗೀತು. ಮುಚ್ಚಳ ಬಿಚ್ಚಿದ್ರ ಬ್ಯಾಟರಿ ಒಂದು ಮೂಲಿಗೆ ಹೋಗಿ ಕುಂತಿತ್ತು, ಪ್ಲಗ್ ಅರ್ಧ ಕಿತ್ತಿತ್ತು, ಟೇಪ್ ಮಾತ್ರ ಜಾಗಾ ಬಿಟ್ಟಿರಲಿಲ್ಲ. ಮೀಟರ್ ಹಿಡದ್ರ ಬ್ಯಾಟರಿಯಾಗ ಇನ್ನೂ 8 ವೋಲ್ಟ್ ಐತಿ, ಅಂದ್ರ ಚಾರ್ಜ್ ಮುಗಿದಿದ್ದಿಲ್ಲ.

ಹುಡುಗಿ ಬಗ್ಗಿ ನೋಡಿ, ಕಾಕಾ ಬೆಲ್ಟ್ ಕಟ್ಟಿರಲಿಲ್ಲೇನು ಅಂತ ಮರಾಠಿಯೊಳಗ ಕೇಳಿದ್ಲು. ನಾ ಏನ್ ಹೇಳ್ಲಿ.

ಈಗ ಕೆಲಸದ ಮಾತು. ಆ 40 ಎಂಎಂ ಡಿಸ್ಕು 3 ಎಂಎಂ ದಪ್ಪ, 28 ಗ್ರಾಂ ತೂಗತೈತಿ. ಅದನ್ನ 2.5 ಮಾಡಿದ್ರ ನಾಕೂವರಿ ಗ್ರಾಂ ಉಳೀತೈತಿ, ಬೆಲ್ಟು ಫೋಮು ಎರಡೂ ಕುಂದ್ರತಾವು. ಎರಡು ಮಾಡಿ ಕಳಸು, ನಡಕಿನ ತೂತು ಮೊದಲಿನ ಅಳತಿನ ಇರ್ಲಿ. ಹುಬ್ಬಳ್ಳಿ ಬಸ್ಸಿನಾಗ ಯಾರರೆ ಬರೋರಿದ್ರ ಅವರ ಕೈಯಾಗ ಕೊಡು, ಕೊರಿಯರ್ ಬ್ಯಾಡ.

ನಿನ್ನ ಪುಣೆ ದೋಸ್ತ